ಅರ್ಧ ಲೋಟ ಟೀ

ಅಡುಗೆಯಕ್ಕನ ಸೌಟನ್ನು ಯಾರೋ ಹೊರಗಿನ ಮೊಳೆಗೆ ನೇತುಹಾಕಿದ್ದರು. ಅವಳನ್ನು ಒಳಗೆ ಬಿಡಲಿಲ್ಲ. ಹೊಗೆ ಕುಡಿದು, ಬೆರಳು ಸುಟ್ಟುಕೊಂಡು ಆಸ್ಪತ್ರೆಗೆಲ್ಲ ಬೇಯಿಸಿ ಹಾಕಿದ ಹೆಂಗಸು ಅಡುಗೆಮನೆಯ ಹೊಸ್ತಿಲಾಚೆ ಭಿಕ್ಷೆಗೆ ಬಂದವಳಂತೆ ನಿಂತಳು.

"ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲಕ್ಕ," ಎಂದ ಅಡುಗೆಮನೆ ಮೇಸ್ತ್ರಿ, ಒಲೆಯ ಆಚೆಯಿಂದಲೇ. "ಪೇಪರಲ್ಲಿ ನಿನ್ನ ಫೋಟೊ ಬಂದಿದೆ. ನೀನು ಮುಟ್ಟಿದ್ದನ್ನ ಇನ್ನು ಯಾರು ತಿಂತಾರೆ ಹೇಳು?"

"ನಿನ್ನೆ ತನಕ ತಟ್ಟೆ ನೆಕ್ತಿದ್ದೆಯಲ್ಲೋ."

"ನಿನ್ನೆ ಗೊತ್ತಿರಲಿಲ್ಲ."

ಫೋಟೊ ತೆಗೆಸಿದ್ದು ಡಾಕ್ಟ್ರು. ಎಚ್‌ಐವಿ ಅಂದರೆ ಉಳಿದ ಡಾಕ್ಟರುಗಳು ಮಾರು ದೂರ ಓಡುತ್ತಿದ್ದ ಕಾಲದಲ್ಲಿ ಆ ರೋಗಿಗಳನ್ನೇ ಹುಡುಕಿ ಮದ್ದು ಕೊಟ್ಟವರು. ಸುಳ್ಳು ಹೇಳಬಾರದು, ಅಡುಗೆಯಕ್ಕನ ಜೀವ ಉಳಿಸಿದ್ದೂ ಅವರೇ. ಗಂಡ ಸಾಯುವಾಗ ಅವಳಿಗೆ ಬಿಟ್ಟುಹೋದ ಆಸ್ತಿ ಆ ಸೋಂಕೊಂದೇ. ಡಾಕ್ಟ್ರದ್ದು ಒಂದು ಪದ್ಧತಿ. ಸಭೆ ಎಲ್ಲೇ ಇರಲಿ, ರೋಗಿಯೊಬ್ಬರಿಗೆ ಟೀ ಕೊಡಿಸಿ, ಅರ್ಧ ಕುಡಿದ ಅದೇ ಲೋಟಕ್ಕೆ ತಾವು ಬಾಯಿ ಹಚ್ಚುವುದು. "ನೋಡಿ, ಎಂಜಲಿಂದ ಬರಲ್ಲ." ಚಪ್ಪಾಳೆ. ಫೋಟೊ. ಕುರ್ಚಿಯಿಂದ ಕುರ್ಚಿಗೆ ಅವರು ಏರಿದ್ದು ಆ ಲೋಟ ಹಿಡಿದೇ. "ಮುಖ ಕಾಣಲ್ಲ ಬಾರಮ್ಮ" ಎಂದು ಈ ಸಲ ಅಡುಗೆಯಕ್ಕನನ್ನು ವೇದಿಕೆ ಹತ್ತಿಸಿದ್ದರು. ಮುಖ ಕಂಡಿತ್ತು, ಕೆನ್ನೆಯ ಮಚ್ಚೆ ಸಮೇತ.

ಅವಳು ನೇರ ಡಾಕ್ಟ್ರ ಕೋಣೆಗೆ ಹೋದಳು.

"ಅಡುಗೆಮನೆಗೆ ಬಂದು ನನ್ನ ಲೋಟದಲ್ಲಿ ಒಂದು ಗುಟುಕು ಕುಡೀರಿ ಸಾರ್. ಮೇಸ್ತ್ರಿ ಎದುರಿಗೆ. ನನ್ನ ಕೆಲಸ ಉಳಿಯುತ್ತೆ."

ಡಾಕ್ಟ್ರು ಕನ್ನಡಕ ಒರೆಸಿದರು. "ಅಡುಗೆಮನೇಲೇ ಇಂಥವರಿದ್ರು ಅಂತ ಸುದ್ದಿಯಾದ್ರೆ ಆಸ್ಪತ್ರೆ ಹೆಸರು ಏನಾಗುತ್ತಮ್ಮ? ಆಸ್ಪತ್ರೆ ಯಜಮಾನರು ನನಗೆ ಹೊಸ ವಿಭಾಗ ಕಟ್ಟಿಸಿಕೊಡ್ತಿದಾರೆ. ನಿಮ್ಮಂಥವರಿಗೇ ಅಲ್ವಾ ಅದು?"

"ಹೊಟ್ಟೆಗಿಲ್ದೆ ನಿಮ್ಮ ಗುಳಿಗೆ ನುಂಗಿದ್ರೆ ವಾಂತಿ ಆಗುತ್ತೆ ಸಾರ್."

"ಊಟ ಆದ್ಮೇಲೆ ತಗೋ ಅಂತ ಹೇಳಿದೀನಲ್ಲ." ಕನ್ನಡಕ ಮೂಗಿಗೇರಿತು. "ಹಾಂ, ಶನಿವಾರ ನನಗೆ ಸನ್ಮಾನ. ಒಳ್ಳೆ ಬಟ್ಟೆ ಹಾಕ್ಕೊಂಡು ಬಾ. ಹೇಗೂ ಮುಖ ಕಂಡಾಗಿದೆ, ಇನ್ನೇನು ನಾಚಿಕೆ?"

ಶನಿವಾರ ಹೋದಳು. ಆಸ್ಪತ್ರೆ ವ್ಯಾನಿನಲ್ಲಿ ತುಂಬಿ ತಂದ ರೋಗಿಗಳು ಮುಂದಿನ ಸಾಲಿನಲ್ಲಿದ್ದರು. ಅಡುಗೆಮನೆ ಸುದ್ದಿ ಅವರಿಗೆ ವ್ಯಾನಿನಲ್ಲೇ ಮುಟ್ಟಿತ್ತು. ವೇದಿಕೆಯ ಮೇಲೆ ಅವಳ ಕೈಗೆ ಲೋಟ ಬಂತು. ಅರ್ಧ ಕುಡಿದಳು. ಡಾಕ್ಟ್ರು ಕೈ ಚಾಚಿದರು. ಕ್ಯಾಮೆರಾಗಳು ಮೇಲೆದ್ದವು. ಅವಳು ಉಳಿದರ್ಧವನ್ನೂ ಕುಡಿದು ಲೋಟ ಬೋರಲು ಹಾಕಿದಳು.

"ನಿಮ್ಮ ಪಾಲಿಂದು ಅಡುಗೆಮನೇಲಿದೆ ಸಾರ್. ಅಲ್ಲಿಗೆ ಬಂದು ಕುಡೀರಿ."

ಡಾಕ್ಟ್ರು ಮೈಕಿನಲ್ಲೇ ನಕ್ಕರು. "ಪಾಪ, ಬಾಯಾರಿಕೆ." ಇನ್ನೊಂದು ಲೋಟ ಟೀ ತರಿಸಿದರು. ಮುಂದಿನ ಸಾಲಿನತ್ತ ಬೆರಳು ಮಡಚಿ ಕರೆದರು. "ಬನ್ನಿ, ಯಾರಾದ್ರೂ ಒಬ್ಬರು."

ಅವರೆಲ್ಲರ ಗುಳಿಗೆ ಚೀಟಿಗೆ ಸಹಿ ಹಾಕುವ ಕೈ ಅದೇ.

ಟೀ ಕೆನೆಗಟ್ಟಿತು. ಒಬ್ಬರೂ ಏಳಲಿಲ್ಲ.