ಬಳುಕಿದ ಗೋಡೆ

ಬದ್ರಿಯಾ ತನ್ನೂರು ಕುಫ್ತ್‌ನಿಂದ ರೈಲು ಹತ್ತಿ ದಹಶೂರಿಗೆ ಬಂದದ್ದು ಪಿರಮಿಡ್ ನೋಡಲಿಕ್ಕಲ್ಲ, ಮಗನನ್ನು ಮನೆಗೆ ಎಳೆದುಕೊಂಡು ಹೋಗಲಿಕ್ಕೆ. ಕುಫ್ತ್‌ನ ಗಂಡಸರಿಗೆ ಹಳೆಯದನ್ನು ಅಗೆದು ತೆಗೆಯುವುದೇ ಕಸುಬು. ಚಳಿಗಾಲ ಬಂತೆಂದರೆ ಊರಲ್ಲಿ ಹೆಂಗಸರದ್ದೇ ರಾಜ್ಯ. ಗಂಡ ತವ್ಫೀಕ್ ಮೂವತ್ತು ಚಳಿಗಾಲ ಇದೇ ದಹಶೂರಿನ ಮರಳಲ್ಲಿ ಕಳೆದು, ಹೋದ ವರ್ಷ ತೀರಿಕೊಂಡಿದ್ದ. ಈಗ ಮಗ ಶಾಜ್ಲಿ ಅಪ್ಪನ ಜಾಗದಲ್ಲಿ ಮೇಸ್ತ್ರಿ.

ಪ್ರವಾಸಿಗಳ ಬಸ್ಸು ಒಂದೂ ತಿರುಗದ ಕಡೆ, ಮಣ್ಣಿಟ್ಟಿಗೆಯ ಹೆಸರಿಲ್ಲದ ಪಿರಮಿಡ್. ಬದ್ರಿಯಾ ಸೊಂಟಕ್ಕೆ ಕೈಯಿಟ್ಟು ನೋಡಿದಳು.

"ಇದಕ್ಕೇನೋ ನಿಮ್ಮಪ್ಪ ನನ್ನ ಬಿಟ್ಟು ಬರ್ತಿದ್ದಿದ್ದು? ನಮ್ಮ ಹಿತ್ತಲ ತಿಪ್ಪೇನೇ ಇದಕ್ಕಿಂತ ಲಕ್ಷಣವಾಗಿದೆ!"

"ಮೆಲ್ಲಗೆ ಮಾತಾಡಮ್ಮಾ, ಒಳಗೆ ರಾಜ ಮಲಗಿದ್ದಾನೆ," ಎಂದು ಶಾಜ್ಲಿ ನಕ್ಕ. ಆದರೆ ಮುಖದಲ್ಲಿ ಕಳೆಯಿರಲಿಲ್ಲ.

ಪಿರಮಿಡ್ಡಿನ ಸುತ್ತುಗೋಡೆ ಎಂಟು ಮೊಳ ಸಿಕ್ಕಿ ಮಾಯವಾಗಿತ್ತು. ಹತ್ತು ದಿನ ಅಗೆದರೂ ಬರೀ ಮರಳು. ಇವತ್ತು ಮಧ್ಯಾಹ್ನದೊಳಗೆ ಸಿಗದಿದ್ದರೆ ಬೇರೆ ಮೇಸ್ತ್ರಿಯನ್ನು ಕರೆಸುತ್ತೇನೆಂದು ಕೆಲಸದ ಮುಖ್ಯಸ್ಥೆ ಡಾಕ್ಟರ್ ಮಾಗ್ದಾ ಹೇಳಿಬಿಟ್ಟಿದ್ದಳು.

"ಸಿಗದಿದ್ರೆ ಸಂಜೆ ರೈಲಿಗೆ ನಿನ್ನ ಜೊತೆ ಬಂದುಬಿಡ್ತೀನಮ್ಮಾ. ದೇವರಾಣೆ, ಮತ್ತೆ ಈ ಕಡೆ ತಲೆ ಹಾಕಲ್ಲ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಬದ್ರಿಯಾ ಗುಂಡಿಗಿಳಿದು, ಸಿಕ್ಕಿದ್ದ ಗೋಡೆಯ ಪಕ್ಕ ಕುಳಿತು, ಹಿಟ್ಟನ್ನು ಬಿಸಿಲಲ್ಲಿಟ್ಟು ಹುದುಗು ಬರಿಸಿ ಸುಟ್ಟ ರೊಟ್ಟಿಯ ಗಂಟು ಬಿಚ್ಚಿದಳು.

ಗಂಡನಿಲ್ಲದ ಚಳಿಗಾಲಗಳಲ್ಲಿ ಒಲೆ, ಹಿತ್ತಲ ಗೋಡೆ ಎಲ್ಲ ಕಟ್ಟಿದವಳು ಅವಳೇ. ಕೈ ಸುಮ್ಮನಿರದೆ ಇಟ್ಟಿಗೆ ಸವರಿತು. ಸಣ್ಣಗೆ ಕೊಚ್ಚಿದ ಹುಲ್ಲು, ಹದವಾದ ಮಣ್ಣು, ಇಷ್ಟು ಸಾವಿರ ವರ್ಷಕ್ಕೂ ಒಂದು ಬಿರುಕಿಲ್ಲ. ಅಬ್ಬಾ, ಎಂಥ ಕೈಯಪ್ಪಾ ಇದು! ಅಷ್ಟರಲ್ಲಿ ಕೊನೆಯ ಮೂರು ಇಟ್ಟಿಗೆ ಕಣ್ಣಿಗೆ ಬಿದ್ದವು. ಸಂದಿಗೆ ಮೆತ್ತಿದ ಮಣ್ಣು ಎಡಕ್ಕೆ ತೆಳು, ಬಲಕ್ಕೆ ದಪ್ಪ. ಗೋಡೆಯೋ ಒಂದೇ ಇಟ್ಟಿಗೆಯ ಅಗಲ. ಅವಳಿಗೆ ಎಲ್ಲ ಹೊಳೆಯಿತು.

ಬಾಯಿ ಮುಚ್ಚಿಕೊಂಡು ರೊಟ್ಟಿ ತಿಂದಿದ್ದರೆ ಮಗ ಅವಳ ಪಾಲಿಗೆ ಬರುತ್ತಿದ್ದ. ಒಂದು ತುತ್ತು ತಿಂದಳು ಕೂಡ. ಎರಡನೆಯದನ್ನು ಗಂಟಿಗೇ ವಾಪಸು ಹಾಕಿದಳು. ಈ ಗೋಡೆ ಕಟ್ಟಿದ ಪುಣ್ಯಾತ್ಮನ ಕೆಲಸ ಮತ್ತೆ ಮಣ್ಣು ಪಾಲಾಗುವುದೆಂದರೆ ಅವಳ ಹೊಟ್ಟೆ ಉರಿಯಿತು.

"ಏ ಮಂಕೇ! ಮೂಗಿನ ನೇರಕ್ಕೆ ಯಾಕೋ ಅಗೀತೀಯ? ಎಡಕ್ಕೆ ತಿರುಗೋ! ಸಂದಿ ಮಣ್ಣು ಎಡಕ್ಕೆ ತೆಳುವಾಗಿದೆ ನೋಡು, ಗೋಡೆ ಆ ಕಡೆಗೇ ತಿರುಗ್ತಿದೆ."

"ರಾಜನ ಗೋಡೆ ಅಮ್ಮಾ, ಸೊಟ್ಟ ಕಟ್ತಾರಾ?"

"ಸೊಟ್ಟ ಅಲ್ವೋ, ಬಳುಕು! ಇಷ್ಟು ತೆಳು ಗೋಡೆ ನೆಟ್ಟಗೆ ಕಟ್ಟಿದ್ರೆ ಒಂದು ಗಾಳಿಗೆ ಮಲಗುತ್ತೆ. ಹಾವಿನ ಹಾಗೆ ಬಳುಕಿಸಿದ್ರೆ ನಿಲ್ಲುತ್ತೆ. ನಮ್ಮ ಹಿತ್ತಲಲ್ಲಿ ನೋಡಿಲ್ವಾ?"

ಎಡಕ್ಕೆ ಅಗೆದರು. ಅರ್ಧ ಗಂಟೆಯೊಳಗೆ ಇಟ್ಟಿಗೆ ಸಿಕ್ಕಿತು. ಮುಂದೆ ಗೋಡೆ ಎಡಕ್ಕೆ ಬಾಗಿ, ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಹೊರಟಿತ್ತು. ಡಾಕ್ಟರ್ ಮಾಗ್ದಾ ಓಡಿಬಂದವಳೇ ಮರಳಲ್ಲಿ ಮಂಡಿಯೂರಿ ಕುಳಿತುಬಿಟ್ಟಳು.

"ಶಾಜ್ಲಿಯಮ್ಮಾ, ನಿಮ್ಮ ಮಗನ್ನ ನಾನಿನ್ನು ಬಿಡಲ್ಲ!"

"ಗೊತ್ತಮ್ಮ," ಎಂದಳು ಬದ್ರಿಯಾ.

ಮಗ ಬಂದು ಅವಳ ಕೈಗೆ ಮುತ್ತಿಟ್ಟ. ರೊಟ್ಟಿಯ ಗಂಟನ್ನು ಅವನ ಕೈಗೇ ತುರುಕಿ, ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡು, ಅವಳು ಪಿರಮಿಡ್ಡಿನ ಕಡೆ ತಿರುಗಿದಳು.

"ಏ ರಾಜಾ, ನನ್ನ ಗಂಡನ್ನ ಮೂವತ್ತು ಚಳಿಗಾಲ ನೀನೇ ಇಟ್ಕೊಂಡೆ, ಈಗ ಮಗನ್ನೂ ಇಟ್ಕೊಂಡೆ. ನಿನ್ನ ಮನೆ ಹಾಳಾಗ! ಹಾಳಾಗೇ ಇದೆ ಬಿಡು. ಆದ್ರೆ ಗೋಡೆ ಮಾತ್ರ ಚೆನ್ನಾಗಿ ಕಟ್ಟಿಸಿದ್ದೀಯ ಕಣೋ."