ಮುಸುಕು ಹೊದ್ದ ಹೊಲಿಗೆ ಮಷಿನ್ನು

ಹರಿಹರದಿಂದ ದಾವಣಗೆರೆಗೆ ಹೊರಟ ಪ್ಯಾಸೆಂಜರ್ ರೈಲು ಬಾತಿ ದಾಟುವಷ್ಟರಲ್ಲಿ ಕರಿಬಸವರಾಜ ಆಡಬೇಕಾದ ಮಾತುಗಳನ್ನೆಲ್ಲ ಮನಸ್ಸಿನಲ್ಲೇ ಆಡಿ ಮುಗಿಸಿದ್ದ. ಅವನ ಸ್ವಭಾವವೇ ಹಾಗೆ. ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ ಹರಿಹರದ ಶಾಲೆಯೊಂದರಲ್ಲಿ ಹಂಗಾಮಿ ಮೇಷ್ಟ್ರಾಗಿದ್ದ ಅವನು ಒಳಗೊಳಗೇ ಎಷ್ಟು ಮಾತಾಡುತ್ತಿದ್ದನೆಂದರೆ, ಬಾಯಿಗೆ ಬರುವ ಹೊತ್ತಿಗೆ ಮಾತು ಹಳಸಿಹೋಗಿರುತ್ತಿತ್ತು.

ಹೆಣ್ಣು ನೋಡಲು ಹೊರಟಿರುವ ಈ ಸಲ ಹಾಗಾಗಬಾರದು. ಕಸ್ತೂರಮ್ಮನನ್ನು ಅವನು ಒಂದು ಮದುವೆಯ ಊಟದಲ್ಲಿ ಕಂಡಿದ್ದ. ಬಡಿಸುತ್ತ ಬಂದವಳು ಇವನ ಎಲೆಯ ಮುಂದೆ ನಿಂತು, "ಬೇಕು ಅಂತೀರೋ ಬ್ಯಾಡ ಅಂತೀರೋ, ಏನಾರ ಒಂದು ಅನ್ರಿ. ಹಿಂದೆ ಜನ ಕಾಯ್ತಾ ಕುಂತಾರೆ" ಎಂದು ನಕ್ಕಿದ್ದಳು. ಮದುವೆಯಾದರೆ ಇವಳನ್ನೇ ಆಗುತ್ತೇನೆಂದು ಚಿಗವ್ವ ದ್ರಾಕ್ಷಾಯಣಮ್ಮನ ಮುಂದೆ ಹೇಳಿದ್ದೇ ಅವನು ಬದುಕಿನಲ್ಲಿ ಮಾಡಿದ ದೊಡ್ಡ ಭಾಷಣ.

ಸ್ಟೇಷನ್ನಿನಿಂದ ನಡೆಯುತ್ತ ಚಿಗವ್ವ ಪಾಠ ಹೇಳಿದಳು. "ಹುಡುಗಿಗೆ ಅಪ್ಪ ಇಲ್ಲ. ಸೋದರಮಾವಂದಿರು ಇಬ್ರೂ ಹ್ಞೂಂ ಅನಬೇಕು. ಅಜ್ಜಪ್ಪನೋರು ಮಿಲ್ಲಿನ ಷೇರಿನೋರು, ಪಂಚಾಕ್ಷರಪ್ಪನೋರು ಖಾದಿಯೋರು. ಒಬ್ರು ಹೊತ್ತು ಹುಟ್ತು ಅಂದ್ರೆ ಇನ್ನೊಬ್ರು ಮುಳುಗ್ತು ಅಂತಾರೆ. ಬಾಯಿ ಬಿಗಿ ಹಿಡಿಯಪ್ಪಾ."

"ಅದನ್ನ ನನಗೆ ಹೇಳ್ಬೇಕಾ, ಚಿಗವ್ವ?"

ಕೆ.ಬಿ. ಬಡಾವಣೆಯ ಆ ಮನೆಯ ಪಡಸಾಲೆಯ ನಡುವೆ ಏನೋ ಒಂದು ಮುಸುಕು ಹೊದ್ದು ಕೂತಿತ್ತು. ಕಸ್ತೂರಮ್ಮನ ತಂದೆ ಇದ್ದಾಗ ಮಗಳಿಗೆ ಕೊಡಿಸಿದ ಹೊಲಿಗೆ ಮಷಿನ್ನು. ತಂದೆ ತೀರಿಕೊಂಡ ಮೇಲೆ ಅದರ ಭವಿಷ್ಯ ಮಾವಂದಿರ ಕೈಗೆ ಬಂದಿತ್ತು. ಅಜ್ಜಪ್ಪನವರ ಪ್ರಕಾರ ಊರಾಚೆ ಷೆಡ್ಡು ಹಾಕಿ, ಇಂಥವೇ ಮಷಿನ್ನುಗಳನ್ನು ಸಾಲಾಗಿ ನಿಲ್ಲಿಸಿ, ಮೋಟಾರು ಜೋಡಿಸಬೇಕು. ಪಂಚಾಕ್ಷರಪ್ಪನವರ ಪ್ರಕಾರ ಸಹಕಾರ ಸಂಘ ಕಟ್ಟಿ, ಮನೆಗೊಂದರಂತೆ ಬಡ ಹೆಂಗಸರಿಗೆ ಹಂಚಬೇಕು. ಈ ನಡುವೆ ಕಸ್ತೂರಮ್ಮ ಮನೆಯಲ್ಲಿ ಕೂತು ಒಂದು ರವಿಕೆ ಹೊಲಿದರೂ ಗೃಹಕೈಗಾರಿಕೆ ಗೆದ್ದಂತಾಗುತ್ತದೆಂದು ಅಜ್ಜಪ್ಪನವರು ತಕರಾರು ತೆಗೆದರು. ಹಾಗಾಗಿ ತೀರ್ಮಾನ ಆಗುವವರೆಗೆ ಯಾರೂ ಪೆಡಲು ತುಳಿಯಕೂಡದೆಂದು ಆಯಿತು. ಮನೆಯ ರವಿಕೆಗಳು ಬಜಾರಿನ ಹಿದಾಯತ್ ದರ್ಜಿಯ ಅಂಗಡಿಗೆ ಹೋಗತೊಡಗಿದವು.

ಕಸ್ತೂರಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಮಾವಂದಿರು ಹುಡುಗನ ಗೋತ್ರ ಕೇಳಲಿಲ್ಲ, ಸಂಬಳ ಕೇಳಲಿಲ್ಲ.

"ಏನಪ್ಪಾ, ಎರಡನೇ ಪಂಚವಾರ್ಷಿಕ ಯೋಜನೆ ಓದೀಯಲ್ಲ?" ಅಜ್ಜಪ್ಪನವರು ಶುರು ಮಾಡಿದರು. "ಮೊದ್ಲು ಉಕ್ಕು, ಆಮೇಲೆ ಬಾಕಿ. ಹೌದಲ್ಲೋ?"

"ಉಕ್ಕು ತಿಂತಾರೇನು ಜನ?" ಪಂಚಾಕ್ಷರಪ್ಪನವರು ಟೋಪಿ ಸರಿಮಾಡಿಕೊಂಡರು. "ಮೊದ್ಲು ಕೈಗೆ ಕೆಲಸ."

"ಚರಕ ತಿಂತಾರೇನು ಮತ್ತೆ? ಇವ್ರ ನೂಲಿಗೆ ಕಾದ್ರೆ ದೇಶ ಲಂಗೋಟಿ ಮ್ಯಾಲೇ ಇರ್ತತಿ."

"ನಿಮ್ಮ ಮಿಲ್ಲು ಆ ಲಂಗೋಟಿನೂ ಉಳಿಸಂಗಿಲ್ಲ ಬಿಡ್ರಿ."

ಇಬ್ಬರೂ ಹುಡುಗನತ್ತ ತಿರುಗಿದರು. ಕರಿಬಸವರಾಜ ಮಂಡಕ್ಕಿ ನೋಡುತ್ತ ಕೂತ. ಅವನ ತಲೆಯೊಳಗೆ ಎರಡೂ ಪಕ್ಷದ ವಾದಗಳು ಪುಟಪುಟವಾಗಿ ತೆರೆದುಕೊಳ್ಳುತ್ತಿದ್ದವು.

ಆಗ ಬಾಗಿಲ ಬಳಿ ನಿಂತಿದ್ದ ಕಸ್ತೂರಮ್ಮ ಯಾರೂ ಕೇಳದೆಯೇ ಹುಡುಗನನ್ನೇ ನೋಡಿ ಮಾತಾಡಿದಳು. "ನಂದೊಂದು ಮಾತೈತ್ರಿ. ಈ ಮಷಿನ್ನು ನಾನು ಹೋದ ಮನಿಗೆ ಬರ್ತತೋ, ಇಲ್ಲೇ ಇರ್ತತೋ? ನೀವಾ ಹೇಳ್ರಿ."

ತಗೊಂಡು ಬರ್ರಿ. ಅಷ್ಟೇ ಅವನು ಅನ್ನಬೇಕಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಷಿನ್ನು ಮನೆಗೆ ಬಂದರೆ ಅದು ಗೃಹಕೈಗಾರಿಕೆ, ಅಜ್ಜಪ್ಪನವರು ಏಳುತ್ತಾರೆ. ಇಲ್ಲೇ ಇರಲಿ ಎಂದರೆ ನಾಳೆ ಷೆಡ್ಡಿಗೆ ಹೋಗುತ್ತದೆ, ಪಂಚಾಕ್ಷರಪ್ಪನವರು ಏಳುತ್ತಾರೆ. ಇಬ್ಬರಲ್ಲಿ ಯಾರೆದ್ದರೂ ಇವಳು ಕೈತಪ್ಪುತ್ತಾಳೆ. ಕರಿಬಸವರಾಜ ಒಂದು ಮೆಣಸಿನಕಾಯಿ ಕಚ್ಚಿದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕಸ್ತೂರಮ್ಮ ಆ ನೀರು ಆರುವವರೆಗೂ ಕಾದಳು. ಆಮೇಲೆ ಮಾವಂದಿರ ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

"ನೋಡಿದ್ರಾ?" ಅಜ್ಜಪ್ಪನವರು ತೊಡೆ ತಟ್ಟಿದರು. "ದುಡುಕಲಿಲ್ಲ. ದೊಡ್ಡ ಯೋಜನೆ ತಿಳಿದೋನ ಲಕ್ಷಣ ಇದು."

"ಏನು ಸಂಯಮ!" ಎಂದರು ಪಂಚಾಕ್ಷರಪ್ಪನವರು. "ಪಕ್ಕಾ ನಮ್ಮ ಕಡೆ ಹುಡುಗ."

ಹೊರಡುವಾಗ ಇಬ್ಬರೂ ಬಾಗಿಲವರೆಗೆ ಬಂದು ಕಳಿಸಿದರು.

ನಾಲ್ಕಾರು ದಿನ ಬಿಟ್ಟು ಚಿಗವ್ವ ಒಬ್ಬಳೇ ದಾವಣಗೆರೆಗೆ ಹೋಗಿಬಂದಳು. ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮಾವಂದಿರು ಕುಣೀತಾರೆ. ಹುಡುಗಿ ಒಲ್ಲೆ ಅಂತಾಳೆ."

"ಯಾಕಂತೆ?"

"ಮನ್ಯಾಗೆ ಇಬ್ರು ಮಾವಂದಿರು ಸಾಕಾಗಿದ್ರು, ಮೂರನೆಯೋರು ಬಂದಂಗಾತು ಅಂದ್ಲು."

ಕರಿಬಸವರಾಜ ಬೀದಿಯತ್ತ ತಿರುಗಿದ.

"ಇನ್ನೊಂದು ಕೇಳು. ಅವತ್ತು ನಾವು ಹೊಂಟ ಮ್ಯಾಲೆ ಮಾವಂದಿರಿಬ್ರೂ ಜಗಲಿ ಮ್ಯಾಲೆ ಕುಂತು ನಿನ್ನ ಹೊಗಳಿದ್ದೇ ಹೊಗಳಿದ್ದಂತೆ. ಜಗಳ ಇಲ್ಲದ್ದು ಅದೇ ಮೊದ್ಲು. ಒಳಗೆ ಇಕಿ ಮುಸುಕು ತೆಗೆದು, ಮಷಿನ್ನು ಕಿಟಕಿ ಕಡೆ ತಿರುಗಿಸಿ ಹೊಲಿಯಾಕ ಕುಂತಾಳೆ. ಅವ್ರಿಗೆ ಗೊತ್ತಾಗೋದ್ರಾಗೆ ಓಣಿಯೋರ ಅರಿವೆ ಹೊಲಿಯಾಕ ಬಂದು ಬಿದ್ದಿದ್ವು. ಇನ್ನು ಯಾರು ನಿಲ್ಲಸ್ತಾರೆ?" ಚಿಗವ್ವನಿಗೆ ನಗು ತಡೆಯಲಾಗಲಿಲ್ಲ. "ನಿನ್ನ ಮೌನದಿಂದ ಒಂದು ಕೆಲಸ ಆತು ನೋಡಪ್ಪಾ."

ಮಾವಂದಿರು ಕೈಬಿಟ್ಟಿರಲಿಲ್ಲ. ಇಷ್ಟು ತೂಕದ ಹುಡುಗ ತಪ್ಪಿಹೋಗಬಾರದೆಂದು ಒಬ್ಬರು ಮಿಲ್ಲಿನ ಆಫೀಸಿನಲ್ಲಿ, ಇನ್ನೊಬ್ಬರು ಖಾದಿ ಸಂಘದಲ್ಲಿ ನೌಕರಿ ಕೊಡಿಸುವುದಾಗಿ ಹೇಳಿ ಕಳಿಸಿದ್ದರು.

"ಯಾವುದಕ್ಕ ಹ್ಞೂಂ ಅಂತೀಯ?"

ಕರಿಬಸವರಾಜ ಬೀದಿ ನೋಡುತ್ತಿದ್ದ. ಆಮೇಲೆ, ಸ್ಪಷ್ಟವಾಗಿ, ಸ್ವಲ್ಪ ಜೋರಾಗಿಯೇ ಅಂದ: "ತಗೊಂಡು ಬರ್ರಿ."

ಚಿಗವ್ವ ಬೆಚ್ಚಿದಳು. ಇವನು ತನಗೆಂದೂ ರೀ ಅಂದವನಲ್ಲ. ಯಾರಾದರೂ ಬಂದು ನಿಂತಿದ್ದಾರೇನೋ ಎಂದು ಹಿಂದೆ ತಿರುಗಿ ನೋಡಿದಳು.