ಅಪ್ಪ ಅಳಿಸಿಹಾಕಿದ ಆರು ರೆಕಾರ್ಡಿಂಗ್

2025ರ ಆಗಸ್ಟ್ 12, ಮಂಗಳವಾರ, ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಇಸ್ತ್ರಿ ಅಂಗಡಿಯವನು ಗಿರಾಕಿಯೊಬ್ಬರ ಬಿಳಿ ಅಂಗಿಯ ಕಾಲರ್ ಸುಟ್ಟುಬಿಟ್ಟ. ಹದಿನಾರು ವರ್ಷದಲ್ಲಿ ಅವನ ಕೈಯಲ್ಲಿ ಸುಟ್ಟ ಮೊದಲ ಕಾಲರ್ ಅದು.

"ಆ ಅಂಗಿ ನಿನಗೇನಪ್ಪಾ ಪಾಪ ಮಾಡಿತ್ತು?" ಎಂದಳು ಅವನ ಅಕ್ಕ. ಅದೇ ಅಂಗಡಿಯ ಬಾಗಿಲ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಗುಂಡಿ ಹಚ್ಚುವುದು, ಅಂಚು ಮಡಿಸುವುದು ಅವಳ ಕೆಲಸ.

"ಗುಬ್ಬಿ ಬಾಯೇ ಬಿಡ್ತಿಲ್ಲ ಅಕ್ಕಾ. ಇಂಗ್ಲಿಷ್ ಪೀರಿಯಡ್ ಅಂದ್ರೆ ಸಾಕು, ಹೊಟ್ಟೆನೋವು ಅಂತಾಳೆ."

ಗುಬ್ಬಿ ಅವನ ಮಗಳು, ಆರನೇ ತರಗತಿ. ಮನೆಯಲ್ಲಿ ಇಡೀ ದಿನ ಚಿಲಿಪಿಲಿ ಅನ್ನುತ್ತಿದ್ದುದರಿಂದಲೇ ಆ ಹೆಸರು. ಜೂನ್‌ನಲ್ಲಿ ಅವಳ ಶಾಲೆಯಲ್ಲಿ ಹೊಸ ಇಂಗ್ಲಿಷ್ ಕೋಣೆ ಶುರುವಾಗಿತ್ತು. ದುಂಡು ಮೇಜುಗಳು, ಮೇಜಿಗೆ ಎರಡು ಟ್ಯಾಬ್, ಮಗುವಿಗೊಂದು ಹೆಡ್‌ಫೋನ್. ಮಕ್ಕಳು ಕೇಳಬೇಕು, ಮಾತಾಡಬೇಕು, ತಮ್ಮ ಮಾತನ್ನು ರೆಕಾರ್ಡ್ ಮಾಡಿ ಮತ್ತೆ ಕೇಳಿಸಿಕೊಳ್ಳಬೇಕು. ಮನೆಪಾಠವೂ ಹಾಗೇ. ಒಂದೇ ವಿಷಯದ ಮೇಲೆ ದಿನಾ ಅಪ್ಪನ ಫೋನಿನಲ್ಲಿ ಮಾತಾಡಿ, ಶುಕ್ರವಾರ ಮೇಡಂಗೆ ಕಳಿಸಬೇಕು.

ಜುಲೈ ಮುಗಿಯುವಷ್ಟರಲ್ಲಿ ಹುಡುಗಿ ತರಗತಿಯಲ್ಲಿ ಮೂಕಿಯಾಗಿದ್ದಳು. ಬೋರ್ಡ್ ನೋಡಿ ಬರೆದುಕೊಳ್ಳುವ ಹಳೆಯ ಪದ್ಧತಿ 'ಬಿ' ವಿಭಾಗದಲ್ಲಿ ಇನ್ನೂ ಇತ್ತು. ಅಲ್ಲಿಗೆ ಬದಲಿಸಿಕೊಳ್ಳಲು ನಾಳೆಯೇ ಕೊನೆಯ ದಿನ. ಅರ್ಜಿ ಅಪ್ಪನ ಜೇಬಿನಲ್ಲಿ ಸಿದ್ಧವಾಗಿತ್ತು.

"ಬರ್ಕೊಂಡ್ರೆ ಪುಸ್ತಕ ತುಂಬುತ್ತೆ, ಕಣ್ಣಿಗೆ ಕಾಣುತ್ತೆ. ಇದೇನಕ್ಕಾ, ಕಿವಿಗೆ ಡಬ್ಬಿ ಸಿಗಿಸ್ಕೊಂಡು ಗೊಣಗೋದು?"

"ನೀನೂ ರಾಶಿ ಪುಸ್ತಕ ತುಂಬಿಸಿದ್ದೆ ಕಣೋ," ಎಂದಳು ಅಕ್ಕ ಸೂಜಿಗೆ ದಾರ ಪೋಣಿಸುತ್ತ. "ಮೊನ್ನೆ ಆ ಹೊರದೇಶದ ಗಿರಾಕಿ ಬಂದಾಗ ಹಿಂದಿನ ಕೋಣೆ ಸೇರ್ಕೊಂಡಿದ್ದು ಯಾರು?"

"ನೀರು ಕುಡಿಯೋಕೆ ಹೋಗಿದ್ದೆ."

"ಇಪ್ಪತ್ತು ನಿಮಿಷ ಕುಡಿದೆಯಲ್ಲ, ಹೊಟ್ಟೇನೋ ಟ್ಯಾಂಕೋ! ಅರ್ಜಿ ಕೊಡೋ ಮುಂಚೆ ಆ ಕೋಣೆನ ಒಂದ್ಸಲ ಕಣ್ಣಾರೆ ನೋಡು. ಮೇಡಂನ ಕೇಳು. ನಾನೂ ಬರ್ತೀನಿ ನಡಿ."

ಮರುದಿನ ಬೆಳಿಗ್ಗೆ ಇಬ್ಬರೂ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತರು. ಕೋಣೆ ತುಂಬ ಗುಜುಗುಜು. ಒಬ್ಬಳು ತನ್ನ ಮಾತು ತಾನೇ ಕೇಳಿ ಮುಖ ಕಿವುಚಿ, ಮತ್ತೆ ಹೇಳಿದಳು. ಕಿಟಕಿ ಪಕ್ಕದ ಮೇಜಿನಲ್ಲಿ ಗುಬ್ಬಿ ಮಾತ್ರ ತುಟಿ ಬಿಗಿದು ಕೂತಿದ್ದಳು. ಅಪ್ಪನ ಕೈ ಜೇಬಿಗೆ ಹೋಯಿತು.

ಮೇಡಂ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಗುಬ್ಬಿ ವಿಷಯದಲ್ಲಿ ನನಗೂ ತಲೆ ಓಡ್ತಿಲ್ಲ ಅಣ್ಣಾ. ಮನೆಯಿಂದ ಬರೋ ರೆಕಾರ್ಡಿಂಗ್ ಎಷ್ಟು ಅಚ್ಚುಕಟ್ಟು! ಎಲ್ಲೂ ತಡವರಿಕೆ ಇಲ್ಲ. ಅದಕ್ಕೇ ಚೆನ್ನಾಗಿ ಮಾತಾಡೋರ ಮೇಜಿಗೆ ಹಾಕಿದೆ. ಇಲ್ಲಿ ಕೂತರೆ ಉಸಿರೇ ಇಲ್ಲ. ಬೇರೆ ಮಕ್ಕಳು ವಾರಕ್ಕೆ ಆರೇಳು ಕಳಿಸ್ತಾರೆ, ನಿಮ್ಮಿಂದ ಯಾಕೆ ಒಂದೇ?"

"ಮಿಕ್ಕಿದ್ದನ್ನ ನಾನೇ ಅಳಿಸಿಬಿಡ್ತೀನಿ ಮೇಡಂ," ಎಂದ ಅವನು, ಕೊಂಚ ಹೆಮ್ಮೆಯಿಂದಲೇ. "ಇಂಗ್ಲಿಷ್ ನಂಗೆ ಬರಲ್ಲ, ಆದ್ರೆ ತಡವರಿಸೋದು ಗೊತ್ತಾಗುತ್ತೆ. ಕಲೆ ಇರೋ ಬಟ್ಟೆನ ಗಿರಾಕಿ ಕೈಗೆ ಕೊಡೋ ಜನ ಅಲ್ಲ ನಾವು. ಏಳರಲ್ಲಿ ಆರು ತೆಗೆದು, ಒಳ್ಳೇದೊಂದು ಕಳಿಸ್ತೀನಿ."

"ಅಯ್ಯೋ ಮಹಾರಾಯ!" ಅಕ್ಕ ಹಣೆ ಚಚ್ಚಿಕೊಂಡಳು.

ಮೇಡಂ ನಗಲಿಲ್ಲ. "ನನಗೆ ಬೇಕಾಗಿದ್ದೇ ಆ ಆರು, ಅಣ್ಣಾ. ಮಗು ಎಲ್ಲಿ ನಿಲ್ತಾಳೆ, ಯಾವ ಪದಕ್ಕೆ ಎಡವ್ತಾಳೆ ಅಂತ ಕೇಳಿಯೇ ನಾಳೆ ಯಾರಿಗೆ ಏನು ಕಲಿಸಬೇಕು ಅಂತ ನಾನು ತೀರ್ಮಾನ ಮಾಡೋದು. ಮೊದಲು ನಲವತ್ತು ಮಕ್ಕಳ ಮಾತು ಒಂದೊಂದಾಗಿ ಕೇಳೋಕೆ ಪೀರಿಯಡ್ ಸಾಲ್ತಿರಲಿಲ್ಲ. ಈಗ ಕೇಳಬಹುದು. ಯಂತ್ರ ಮಾತನ್ನ ಹಿಡಿದಿಟ್ಟುಕೊಡುತ್ತೆ, ಅಷ್ಟೇ. ಕಲಿಸೋಳು ನಾನೇ."

"ಅಂದ್ರೆ ಅವಳು ಈ ಮೇಜಿಗೆ ಬಂದಿದ್ದು, ಬಾಯಿ ಕಟ್ಟಿದ್ದು..." ಅವನು ಎದ್ದು ಹೋಗಿ ಮಗಳ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಗುಬ್ಬೀ, ನಿನ್ನ ರೆಕಾರ್ಡಿಂಗ್ ಅಳಿಸಿದ್ದು ನಾನು ಕಣೇ. ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನಾನು ತಪ್ಪು ಮಾತಾಡಿದ್ರೆ ನಿಂಗೆ ನಾಚಿಕೆ ಅಂದ್ಕೊಂಡೆ, ಅಪ್ಪಾ."

ಅವನು ಅವಳ ಹೆಡ್‌ಫೋನ್ ತೆಗೆದು ತನ್ನ ತಲೆಗೇ ಹಾಕಿಕೊಂಡ. "ನಿಮ್ಮ ಬಟ್ಟೆ ಸಿದ್ಧವಾಗಿದೆ ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳೋದು? ನಂಗೆ ಹೇಳ್ಕೊಡು."

ಗುಬ್ಬಿ ಹೇಳಿದಳು. ಅಪ್ಪ ಮೂರು ಕಡೆ ಎಡವಿದ. ಇಡೀ ತರಗತಿ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. "ಇನ್ನೊಂದ್ಸಲ ಅಪ್ಪಾ, ನಿಧಾನಕ್ಕೆ," ಎಂದಳು ಮಗಳು, ಮೇಡಂ ಥರವೇ ಕತ್ತು ವಾಲಿಸಿ.

"ಇದನ್ನೂ ರೆಕಾರ್ಡ್ ಮಾಡ್ಕೊಳ್ಳಿ ಮೇಡಂ," ಎಂದ ಅವನು. ಅರ್ಜಿ ಜೇಬಿನಿಂದ ಹೊರಗೆ ಬರಲೇ ಇಲ್ಲ. ಮೇಡಂ ಅದೇ ದಿನ ಗುಬ್ಬಿಯನ್ನು ಅವಳ ಕಲಿಕೆಯ ವೇಗಕ್ಕೆ ಒಗ್ಗುವ ಮೇಜಿನಲ್ಲಿ ಕೂರಿಸಿದರು.

ಅಪ್ಪಂದಿರೇ, ಅಮ್ಮಂದಿರೇ, ಮಗುವಿಗೆ ನೆರವಾಗಲು ನಿಮಗೆ ಇಂಗ್ಲಿಷ್ ಬರಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಫೋನು ಬಿಟ್ಟುಕೊಡಿ, ಟಿವಿ ಆರಿಸಿ. ತಡವರಿಸಿದರೆ ಅಣಕಿಸಬೇಡಿ. ತಪ್ಪಿದ್ದನ್ನೂ ಸೇರಿಸಿ ಎಲ್ಲವನ್ನೂ ಶಿಕ್ಷಕರಿಗೆ ಕಳಿಸಿ. ಪುಸ್ತಕ ಖಾಲಿ ಕಂಡಿತೆಂದು ಸಿಟ್ಟಾಗುವ ಮೊದಲು ಒಂದು ಪೀರಿಯಡ್ ತರಗತಿಯಲ್ಲಿ ಕೂತು ನೋಡಿ.

ಆಗಸ್ಟ್ ಮೊದಲ ವಾರ, ನಲವತ್ತು ನಿಮಿಷದ ತರಗತಿಯಲ್ಲಿ ಗುಬ್ಬಿ ಇಂಗ್ಲಿಷ್ ಮಾತಾಡಿದ್ದು ಹನ್ನೊಂದು ಸೆಕೆಂಡು. ಸೆಪ್ಟೆಂಬರ್ 17ರಂದು ಮೇಡಂ ಮತ್ತೆ ಅಳೆದರು: ಆರು ನಿಮಿಷ ಹತ್ತು ಸೆಕೆಂಡು.